‘ರನ್’ ಅಂದ್ರೆ ಬರೀ ಓಡೋದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಕಲಿಯಲು ಕೂತ ಮೊದಲ ವಾರದಲ್ಲೇ ಸಿಗುವ ಪದ ರನ್. ರನ್ ಅಂದರೆ ಓಡು, ಅಷ್ಟೇ ಅಂತ ಬರೆದುಕೊಂಡು ಎಲ್ಲರೂ ಮುಂದಿನ ಪದಕ್ಕೆ ಹೋಗುತ್ತಾರೆ. ಆಮೇಲೆ ಒಂದು ದಿನ ‘ಹರ್ ನೋಸ್ ಈಸ್ ರನ್ನಿಂಗ್’ ಎದುರಾಗುತ್ತದೆ, ಇನ್ನೊಂದು ದಿನ ‘ಹಿ ರನ್ಸ್ ಎ ಸ್ಕೂಲ್’, ಮತ್ತೊಂದು ದಿನ ‘ವಿ ರ‍್ಯಾನ್ ಔಟ್ ಆಫ್ ಟೈಮ್’. ಅವಳ ಮೂಗು ಓಡುತ್ತಿದೆ, ಅವನು ಶಾಲೆಯನ್ನು ಓಡುತ್ತಾನೆ, ನಾವು ಸಮಯದಿಂದ ಹೊರಗೆ ಓಡಿದೆವು ಅಂತ ಅನುವಾದ ಮಾಡಿದರೆ ನಗು ಬರುತ್ತದೆಯೇ ಹೊರತು ಅರ್ಥ ಬರುವುದಿಲ್ಲ. ಈ ಪದದ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎಲ್ಲಿಂದ ಬೇಕಾದರೂ ಓದಿ, ಆದರೆ ಮೂರನೆಯದನ್ನು ಮಾತ್ರ ಬಿಡಬೇಡಿ. ಉಳಿದ ಉತ್ತರಗಳಲ್ಲಿ ಮುಕ್ಕಾಲು ಪಾಲು ನಿಂತಿರುವುದು ಅದರ ಮೇಲೆ.

1. ರನ್‌ಗೆ ನಿಜವಾಗಲೂ ಎಷ್ಟು ಅರ್ಥ ಇವೆ?

ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಲೆಕ್ಕ ಹಿಡಿದರೆ 645. ಅದೂ ಕ್ರಿಯಾಪದದ್ದು ಮಾತ್ರ, ‘ಎ ರನ್’ ಎಂಬ ನಾಮಪದದ ಲೆಕ್ಕ ಬೇರೆ. ಆ ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಪೀಟರ್ ಗಿಲಿವರ್ ಈ ಒಂದು ಪದದ ಮುಂದೆ ಒಂಬತ್ತು ತಿಂಗಳು ಕೂತಿದ್ದರು. ಅವರ ಕೆಲಸದ ಫಲ 2011ರಲ್ಲಿ ಹೊರಗೆ ಬಂತು.

ಅದಕ್ಕೂ ಮೊದಲು ಅತಿ ಹೆಚ್ಚು ಅರ್ಥ ಇರುವ ಇಂಗ್ಲಿಷ್ ಪದ ಎಂಬ ದಾಖಲೆ ‘ಸೆಟ್’ ಎಂಬ ಪದದ ಹೆಸರಿನಲ್ಲಿತ್ತು. 1989ರ ಎರಡನೇ ಆವೃತ್ತಿ 20 ಸಂಪುಟಗಳದ್ದು, ಅದರಲ್ಲಿ ಸೆಟ್‌ಗೆ 430 ಅರ್ಥ ಕೊಟ್ಟಿದ್ದರು, ವಿವರಣೆಯೇ ಸುಮಾರು 60,000 ಪದ ಉದ್ದ. ಹಾಗಾಗಿ ಹಳೆಯ ಕ್ವಿಜ್ ಪುಸ್ತಕಗಳಲ್ಲಿ ಇನ್ನೂ ಸೆಟ್ ಅಂತಲೇ ಉತ್ತರ ಇರುತ್ತದೆ. ಸುಮ್ನೆ ಜಗಳ ಆಡಬೇಡಿ, ಇಬ್ಬರೂ ತಮ್ಮ ತಮ್ಮ ಆವೃತ್ತಿಯ ಪ್ರಕಾರ ಸರಿ.

645 ಅಂತ ಕೇಳಿ ಹೆದರುವುದೂ ಬೇಡ. ನಿಘಂಟಿನವರು ಎಲ್ಲವನ್ನೂ ಎಳೆ ಎಳೆಯಾಗಿ ಬಿಡಿಸುತ್ತಾರೆ. ನದಿ ಹರಿಯುವುದು ಒಂದು ಅರ್ಥ, ನಲ್ಲಿಯಲ್ಲಿ ನೀರು ಬರುವುದು ಇನ್ನೊಂದು, ಕಣ್ಣೀರು ಇಳಿಯುವುದು ಮತ್ತೊಂದು. ನಮಗೆ ನಿಮಗೆ ಇವೆಲ್ಲ ಒಂದೇ ತಾನೆ? ಹಾಗೆ ಗುಂಪು ಮಾಡುತ್ತ ಹೋದರೆ ದಿನಬಳಕೆಗೆ ಬೇಕಾದವು ಕೈಬೆರಳಿನಲ್ಲಿ ಎಣಿಸುವಷ್ಟೇ.

2. ಒಂದು ಸಣ್ಣ ಪದಕ್ಕೆ ಇಷ್ಟೆಲ್ಲ ಅರ್ಥ ಯಾಕೆ ಅಂಟಿಕೊಂಡವು?

ಸಣ್ಣದು ಅನ್ನೋದೇ ಒಂದು ಕಾರಣ. ಬಾಯಲ್ಲಿ ಸುಲಭವಾಗಿ ಬರುವ, ಮಕ್ಕಳಿಗೂ ಗೊತ್ತಿರುವ ಪದವನ್ನೇ ಜನ ಹೊಸ ವಿಷಯಕ್ಕೂ ಬಳಸುತ್ತಾರೆ. ಹೊಸ ಪದ ಹುಟ್ಟಿಸುವ ಕಷ್ಟ ಯಾರಿಗೆ ಬೇಕು!

ಎರಡನೆಯ ಕಾರಣ ಯಂತ್ರಗಳು. ಹಳೆಯ ಕಾಲದಲ್ಲಿ ಓಡುತ್ತಿದ್ದದ್ದು ಮನುಷ್ಯ, ಪ್ರಾಣಿ, ನೀರು. ಆಮೇಲೆ ಗಡಿಯಾರ ಬಂತು, ನೂಲುವ ಯಂತ್ರ ಬಂತು, ಉಗಿ ಎಂಜಿನ್ ಬಂತು, ರೈಲು ಬಂತು. ಇವೆಲ್ಲ ತಾವಾಗಿಯೇ ಚಲಿಸುತ್ತವೆ, ನಿಲ್ಲಿಸುವ ತನಕ ನಿಲ್ಲುವುದಿಲ್ಲ. ಇವುಗಳಿಗೆ ಒಂದು ಕ್ರಿಯಾಪದ ಬೇಕಿತ್ತು, ರನ್ ಸಿದ್ಧವಾಗಿತ್ತು. ಯಂತ್ರ ರನ್ ಆದ ಮೇಲೆ ಯಂತ್ರ ಇರುವ ಕಾರ್ಖಾನೆಯೂ ರನ್ ಆಯಿತು, ಕಂಪನಿಯೂ ರನ್ ಆಯಿತು. ಕಂಪ್ಯೂಟರ್ ಬಂದಾಗ ಯಾರೂ ತಲೆ ಕೆಡಿಸಿಕೊಳ್ಳಲೇ ಇಲ್ಲ, ಪ್ರೋಗ್ರಾಂ ಕೂಡ ರನ್ ಅಂದರು.

3. ಎಲ್ಲ ಅರ್ಥಗಳನ್ನೂ ಹಿಡಿಯುವ ಒಂದು ಕನ್ನಡ ಪದ ಇದೆಯಾ?

ಎಲ್ಲ ಅಂದರೆ ಇಲ್ಲ. ಆದರೆ ಬಹಳಷ್ಟನ್ನು ಹಿಡಿಯುವ ಪದ ಇದೆ, ಅದು ‘ಓಡು’ ಅಲ್ಲ. ‘ಹರಿ’.

ರನ್‌ನ ಹಿಂದಿರುವ ಹಳೆಯ ಇಂಗ್ಲಿಷ್ ಪದ ‘ರಿನ್ನನ್’. ಅದಕ್ಕೆ ಓಡು ಎಂಬ ಅರ್ಥವೂ ಇತ್ತು, ನೀರಿನಂತೆ ಹರಿ ಎಂಬ ಅರ್ಥವೂ ಇತ್ತು. ಅದರ ನೆಂಟ ಭಾಷೆ ಜರ್ಮನ್‌ನಲ್ಲಿ ಇವತ್ತಿಗೂ ಎರಡು ಪದ ಪಕ್ಕಪಕ್ಕ ಉಳಿದಿವೆ: ‘ರೆನ್ನೆನ್’ ಅಂದರೆ ಓಡು, ‘ರಿನ್ನೆನ್’ ಅಂದರೆ ಒಸರು, ಹರಿ. ಇಂಗ್ಲಿಷ್‌ನಲ್ಲಿ ಎರಡೂ ಕೂಡಿ ಒಂದೇ ಪದವಾಯಿತು.

ಈಗ ನಮ್ಮ ಮನೆಯೊಳಗೇ ನೋಡಿ. ‘ಹರಿ’ ಹಳಗನ್ನಡದಲ್ಲಿ ‘ಪರಿ’. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪರಿ ಹರಿ ಆಯಿತು. ಆ ಪರಿಗೂ ಎರಡೂ ಅರ್ಥ ಇದ್ದವು, ಓಡು ಮತ್ತು ಹರಿ! ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷೆಗಳಿಗೆ ಓಡುವ ಕಾಲು, ಹರಿಯುವ ನೀರು ಎರಡೂ ಒಂದೇ ಥರ ಕಂಡಿವೆ. ಆಮೇಲೆ ನಾವು ಓಡುವ ಕೆಲಸವನ್ನು ‘ಓಡು’ ಪದಕ್ಕೆ ಕೊಟ್ಟು, ಹರಿಯನ್ನು ನೀರಿಗೆ ಬಿಟ್ಟೆವು. ಪೂರ್ತಿ ಬಿಡಲಿಲ್ಲ ಅನ್ನಿ. ಹಾವು ಹರಿಯುತ್ತದೆ, ಸುದ್ದಿ ಹರಿದಾಡುತ್ತದೆ, ಪತ್ರದ ಮೇಲೆ ಕಣ್ಣು ಹರಿಸುತ್ತೇವೆ, ಲಾರಿ ಹರಿದು ಸಾವು ಅಂತ ಪೇಪರ್‌ನಲ್ಲಿ ಬರುತ್ತದೆ. ಈ ನಾಲ್ಕರಲ್ಲಿ ಹಾವನ್ನು ಬಿಟ್ಟು ಉಳಿದ ಮೂರಕ್ಕೂ ಇಂಗ್ಲಿಷ್‌ನವರು ರನ್ ಬಳಸಬಲ್ಲರು. ಲಾರಿಯದು ‘ರನ್ ಓವರ್’, ಕಣ್ಣು ಹರಿಸುವುದು ‘ರನ್ ಯುವರ್ ಐಸ್ ಓವರ್’.

ಹಾಗಾಗಿ ಅರ್ಥ ಹೊಳೆಯದ ರನ್ ಸಿಕ್ಕಿದಾಗ ಮನಸ್ಸಿನಲ್ಲಿ ಓಡುವ ಮನುಷ್ಯನನ್ನು ಅಳಿಸಿ ಹರಿಯುವ ನೀರನ್ನು ತಂದುಕೊಳ್ಳಿ. ಎಲ್ಲೂ ತಡೆಯಿಲ್ಲದೆ ಒಂದೇ ಸಮನೆ ಮುಂದೆ ಸಾಗುವುದು. ಬಹಳ ಸಲ ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ.

ಒಂದು ಎಚ್ಚರಿಕೆ: ಬಟ್ಟೆ ಹರಿಯಿತು, ಕಾಗದ ಹರಿದೆ ಅನ್ನುವಾಗ ಬರುವ ‘ಹರಿ’ ಬೇರೆ. ಅದು ಹಳಗನ್ನಡದಲ್ಲಿ ಬೇರೆ ರಕಾರ ಇದ್ದ, ಬೇರೆಯೇ ಪದ. ಅಕ್ಷರ ಹೋದ ಮೇಲೆ ಎರಡೂ ಒಂದೇ ಥರ ಕಾಣುತ್ತಿವೆ, ಅಷ್ಟೇ.

4. ಹಾಗಾದರೆ ‘ಓಡು’ ಅಂತ ಅನುವಾದ ಮಾಡುವುದೇ ತಪ್ಪಾ?

ಛೆ, ಹಾಗೇನಿಲ್ಲ. ಗಾಡಿ ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ, ಫ್ಯಾನ್ ಓಡುತ್ತದೆ. ಇಲ್ಲೆಲ್ಲ ರನ್‌ಗೆ ಓಡು ಸರಿಯಾಗಿ ಕೂರುತ್ತದೆ. ಕೆಲವು ಕಡೆ ನಾವು ಅವರಿಗಿಂತ ಜಾಸ್ತಿಯೇ ಓಡುತ್ತೇವೆ. ‘ನನಗೆ ತಲೆಯೇ ಓಡುತ್ತಿಲ್ಲ’ ಅನ್ನುವುದನ್ನು ‘ಮೈ ಹೆಡ್ ಈಸ್ ನಾಟ್ ರನ್ನಿಂಗ್’ ಅಂತ ಮಾತ್ರ ಹೇಳಬೇಡಿ. ಅವರ ತಲೆ ಓಡುವುದಿಲ್ಲ, ಕೆಲಸ ಮಾಡುತ್ತದೆ, ‘ವರ್ಕ್’ ಆಗುತ್ತದೆ.

5. ‘ಹಿ ರನ್ಸ್ ಎ ಸ್ಕೂಲ್’: ಶಾಲೆಯನ್ನು ಹೇಗಪ್ಪಾ ಓಡಿಸೋದು?

ಓಡಿಸುವುದಲ್ಲ, ನಡೆಸುವುದು. ಇದು ನನಗೆ ತುಂಬ ಇಷ್ಟದ ಜಾಗ. ಅವರು ಶಾಲೆ, ಕಚೇರಿ, ಮನೆ, ದೇಶ ಎಲ್ಲವನ್ನೂ ‘ರನ್’ ಮಾಡುತ್ತಾರೆ. ನಾವು ಅವನ್ನೇ ನಿಧಾನವಾಗಿ ‘ನಡೆಸುತ್ತೇವೆ’. ಸಂಸಾರ ನಡೆಸುವುದು, ಸರ್ಕಾರ ನಡೆಸುವುದು, ಸಭೆ ನಡೆಸುವುದು. ಅವರ ಓಟ, ನಮ್ಮ ನಡಿಗೆ. ಕೆಲಸ ಮಾತ್ರ ಒಂದೇ.

ಇದರಲ್ಲಿ ವ್ಯಾಕರಣದ ಒಂದು ಗುಟ್ಟೂ ಇದೆ. ಕನ್ನಡದಲ್ಲಿ ತಾನೇ ಮಾಡುವುದು ಬೇರೆ, ಇನ್ನೊಂದರಿಂದ ಮಾಡಿಸುವುದು ಬೇರೆ. ನಡೆ, ನಡೆಸು. ಓಡು, ಓಡಿಸು. ಹರಿ, ಹರಿಸು. ಒಂದು ‘ಇಸು’ ಹಚ್ಚಿದರೆ ಕೆಲಸ ಮುಗಿಯಿತು. ಹಳೆಯ ಇಂಗ್ಲಿಷ್‌ನಲ್ಲೂ ಓಡಿಸು ಅನ್ನಲು ಬೇರೆ ರೂಪ ಇತ್ತು, ಆದರೆ ಕಾಲ ಕಳೆದಂತೆ ಎರಡೂ ಬೆರೆತು ಒಂದೇ ರನ್ ಉಳಿಯಿತು. ಹಾಗಾಗಿ ‘ದ ಎಂಜಿನ್ ರನ್ಸ್’ ಅಂದರೆ ಎಂಜಿನ್ ಓಡುತ್ತದೆ, ‘ಶಿ ರನ್ಸ್ ದ ಎಂಜಿನ್’ ಅಂದರೆ ಅವಳು ಎಂಜಿನ್ ಓಡಿಸುತ್ತಾಳೆ. ಪದ ಬದಲಾಗಲಿಲ್ಲ. ರನ್ ಆದ ಮೇಲೆ ಒಂದು ವಸ್ತು ಬಂದರೆ ಮನಸ್ಸಿನಲ್ಲೇ ಒಂದು ‘ಇಸು’ ಸೇರಿಸಿಕೊಳ್ಳಿ. 645 ಅರ್ಥಗಳಲ್ಲಿ ಎಷ್ಟೋ ಜೋಡಿಗಳು ಇಷ್ಟಕ್ಕೇ ಬಗೆಹರಿಯುತ್ತವೆ. ‘ರನ್ ಎ ಟೆಸ್ಟ್’ ಪರೀಕ್ಷೆ ನಡೆಸು, ‘ರನ್ ದ ಟ್ಯಾಪ್’ ನಲ್ಲಿಯಲ್ಲಿ ನೀರು ಹರಿಸು, ‘ರನ್ ಯುವರ್ ಫಿಂಗರ್ಸ್ ಥ್ರೂ ಯುವರ್ ಹೇರ್’ ತಲೆಗೂದಲಲ್ಲಿ ಬೆರಳು ಆಡಿಸು. ಪ್ರತಿ ಸಾಲಿನ ಕೊನೆಯಲ್ಲೂ ಆ ‘ಇಸು’ ಕೂತಿದೆ.

6. ‘ರನ್ನಿಂಗ್ ನೋಸ್’ ಸರಿಯಾ, ‘ರನ್ನಿ ನೋಸ್’ ಸರಿಯಾ?

ಸೋರುವ ಮೂಗಿಗೆ ಇಂಗ್ಲೆಂಡ್, ಅಮೆರಿಕದವರು ‘ರನ್ನಿ ನೋಸ್’ ಅನ್ನುತ್ತಾರೆ. ‘ಮೈ ನೋಸ್ ಈಸ್ ರನ್ನಿಂಗ್’ ಅನ್ನುವ ವಾಕ್ಯವೂ ಸರಿ. ನಾವು ಅದನ್ನೇ ಹಿಡಿದು ‘ರನ್ನಿಂಗ್ ನೋಸ್’ ಮಾಡಿಕೊಂಡಿದ್ದೇವೆ, ಯಾರಿಗೂ ಅರ್ಥವಾಗದೆ ಇರುವುದಿಲ್ಲ. ಮೂಗು ಓಡುವುದು ವಿಚಿತ್ರ ಅನ್ನಿಸಿದ್ದು ಓಡು ಅಂತ ಓದಿದ್ದರಿಂದ. ಹರಿ ಅಂತ ಓದಿ, ವಿಚಿತ್ರ ಏನೂ ಇಲ್ಲ.

ಒಗೆದ ಬಟ್ಟೆಯ ಬಣ್ಣವೂ ಹೀಗೆಯೇ. ‘ದ ಕಲರ್ಸ್ ರ‍್ಯಾನ್’ ಅಂದರೆ ಬಣ್ಣ ಬಿಟ್ಟಿತು, ಪಕ್ಕದ ಬಟ್ಟೆಗೂ ಹತ್ತಿತು. ಇನ್ನು ‘ದ ರನ್ಸ್’ ಅಂತ ಬಹುವಚನದಲ್ಲಿ, ಮುಂದೆ ‘ದ’ ಸೇರಿಸಿ ಹೇಳಿದರೆ ಭೇದಿ. ಕ್ರಿಕೆಟ್ ನೋಡುವವರು ಇಲ್ಲಿ ಸ್ವಲ್ಪ ಹುಷಾರು. ‘ಐ ಹ್ಯಾವ್ ದ ರನ್ಸ್’ ಅಂತ ಹೆಮ್ಮೆಯಿಂದ ಹೇಳಬೇಡಿ.

7. ಕ್ರಿಕೆಟ್‌ನಲ್ಲಿ ಓಡದೇ ಇದ್ದರೂ ರನ್ ಯಾಕೆ ಬರುತ್ತೆ?

ಶುರುವಿನಲ್ಲಿ ಅದು ನಿಜವಾದ ಓಟವೇ. ವಿಕೆಟ್‌ನಿಂದ ವಿಕೆಟ್‌ಗೆ 22 ಗಜ, ಗೆರೆಯಿಂದ ಗೆರೆಗೆ ಲೆಕ್ಕ ಹಾಕಿದರೆ 58 ಅಡಿ. ಇಬ್ಬರೂ ಬ್ಯಾಟರ್‌ಗಳು ಜಾಗ ಬದಲಿಸಿದರೆ ಒಂದು ರನ್. 18ನೇ ಶತಮಾನದಲ್ಲಿ ಲೆಕ್ಕ ಇಡುವವರು ಕೋಲಿನ ಮೇಲೆ ಕಚ್ಚು ಕೊರೆಯುತ್ತಿದ್ದರು, ಅದಕ್ಕೆ ಆಗ ರನ್ ಬದಲು ‘ನಾಚ್’, ಅಂದರೆ ಕಚ್ಚು, ಅಂತಲೇ ಹೇಳುತ್ತಿದ್ದರು. ಆಮೇಲೆ ಓಟದ ಹೆಸರು ಗಟ್ಟಿಯಾಯಿತು. ಚೆಂಡು ಗಡಿ ದಾಟಿದರೆ ಓಡುವ ಅಗತ್ಯವೇ ಇಲ್ಲ, ಆದರೂ ಲೆಕ್ಕದಲ್ಲಿ ನಾಲ್ಕು ರನ್. ವೈಡ್ ಹಾಕಿದರೆ ಬ್ಯಾಟರ್ ಕಾಲು ಅಲ್ಲಾಡಿಸದೆ ಒಂದು ರನ್. ಇಲ್ಲಿ ರನ್ ಓಟದ ಹೆಸರಾಗಿ ಉಳಿದಿಲ್ಲ, ಅಂಕದ ಹೆಸರಾಗಿದೆ.

ಬೇಸ್‌ಬಾಲ್‌ನಲ್ಲೂ ರನ್ ಇದೆ. ಅಲ್ಲಿ 90 ಅಡಿ ದೂರದ ನಾಲ್ಕು ಬೇಸ್‌ಗಳನ್ನು ಸುತ್ತಿ ಹೊರಟ ಜಾಗಕ್ಕೇ ಬರಬೇಕು. ಒಂದು ರನ್‌ಗೆ 360 ಅಡಿ! ಅವರ ಸ್ಕೋರ್ ಐದಾರರಲ್ಲೇ ಮುಗಿಯುತ್ತಲ್ಲ ಅಂತ ನಗುವವರಿಗೆ ಇದು ಗೊತ್ತಿದ್ದರೆ ಒಳ್ಳೆಯದು.

8. ರನ್ ಔಟ್ ಅಂದರೆ ಔಟ್ ಆಗೋದಾ, ಖಾಲಿ ಆಗೋದಾ?

ಮೈದಾನದಲ್ಲಿ ಔಟ್, ಉಳಿದ ಎಲ್ಲ ಕಡೆ ಖಾಲಿ. ‘ವಿ ರ‍್ಯಾನ್ ಔಟ್ ಆಫ್ ಪೇಪರ್’ ಕಾಗದ ಖಾಲಿಯಾಯಿತು. ‘ಟೈಮ್ ಈಸ್ ರನ್ನಿಂಗ್ ಔಟ್’ ಸಮಯ ಮುಗಿಯುತ್ತಾ ಬಂತು. ಪಾತ್ರೆಗೆ ತೂತು ಬಿದ್ದು ನೀರೆಲ್ಲ ಹೊರಗೆ ಹರಿದುಹೋದಂತೆ ನೋಡಿದರೆ ಸಾಕು. ತಮಾಷೆ ಅಂದರೆ ಖಾಲಿಯಾಗುವುದು ಕಾಗದವೇ ಆದರೂ ಇಂಗ್ಲಿಷ್‌ನಲ್ಲಿ ಕರ್ತೃ ‘ವಿ’. ಕನ್ನಡಕ್ಕೆ ತರುವಾಗ ವಾಕ್ಯವನ್ನೇ ತಿರುಗಿಸಿ, ‘ನಾವು’ ಬಿಟ್ಟು ಕಾಗದವನ್ನು ಮುಂದೆ ತನ್ನಿ.

ಇನ್ನೊಂದು ಇದೆ, ‘ರನ್ ಔಟ್ ಆನ್ ಸಮ್‌ವನ್’. ಕಷ್ಟದಲ್ಲಿದ್ದವರನ್ನು ನಡುನೀರಲ್ಲಿ ಕೈಬಿಟ್ಟು ಹೋಗುವುದು. ಒಂದು ‘ಆನ್’ ಸೇರಿದ್ದಕ್ಕೆ ಎಷ್ಟು ದೂರ ಹೋಯಿತು ನೋಡಿ.

9. ಬ್ಯಾಂಕ್ ರನ್ ಅಂದರೆ ಬ್ಯಾಂಕ್ ನಡೆಸೋದಾ?

ಅಲ್ಲ, ಹೆಚ್ಚುಕಡಿಮೆ ತದ್ವಿರುದ್ಧ. ‘ರನ್ ಎ ಬ್ಯಾಂಕ್’ ಅಂದರೆ ಬ್ಯಾಂಕ್ ನಡೆಸು. ‘ಎ ರನ್ ಆನ್ ದ ಬ್ಯಾಂಕ್’ ಅಂದರೆ ಬ್ಯಾಂಕ್ ಮುಳುಗುತ್ತದೆ ಎಂಬ ಭಯಕ್ಕೆ ಠೇವಣಿದಾರರೆಲ್ಲ ಒಂದೇ ಸಲ ಹಣ ವಾಪಸ್ ಕೇಳಲು ನುಗ್ಗುವುದು. ಯಾವ ಬ್ಯಾಂಕೂ ಜನರ ಹಣವನ್ನೆಲ್ಲ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂರುವುದಿಲ್ಲ, ಹೆಚ್ಚಿನ ಪಾಲು ಸಾಲವಾಗಿ, ಬಾಂಡ್ ಆಗಿ ಹೊರಗೆ ಹೋಗಿರುತ್ತದೆ. ಹಾಗಾಗಿ ಗಟ್ಟಿಯಾಗಿದ್ದ ಬ್ಯಾಂಕೂ ಎಲ್ಲರೂ ಒಟ್ಟಿಗೆ ಬಂದರೆ ಅಲ್ಲಾಡುತ್ತದೆ. ಮುಳುಗುತ್ತದೆ ಅಂತ ಹೆದರಿ ನುಗ್ಗಿದ್ದರಿಂದಲೇ ಮುಳುಗುತ್ತದೆ.

2007ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಬಾಗಿಲ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. 2023ರ ಮಾರ್ಚ್‌ನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನ 42 ಬಿಲಿಯನ್ ಡಾಲರ್ ತೆಗೆಯಲು ಗ್ರಾಹಕರು ಮುಂದಾದರು, ಮರುದಿನವೇ ಬ್ಯಾಂಕ್ ಮುಚ್ಚಿತು. ಆ ಸಲ ಹಣ ಹರಿದದ್ದು ಹೆಚ್ಚಾಗಿ ಫೋನು, ಕಂಪ್ಯೂಟರಿನ ಮೂಲಕ. ಕಾಲಿನ ಓಟವೇ ಇಲ್ಲದ ರನ್!

‘ಎ ರನ್ ಆನ್ ಅಂಬ್ರೆಲಾಸ್’ ಅಂತಲೂ ಹೇಳಬಹುದು. ಇಲ್ಲಿ ಭಯ ಏನೂ ಇಲ್ಲ, ಎಲ್ಲರೂ ಒಟ್ಟಿಗೆ ಕೊಡೆಗೆ ಮುಗಿಬಿದ್ದರು ಅಂತ ಅರ್ಥ.

10. ಚುನಾವಣೆಗೆ ರನ್ ಮಾಡ್ತಾರಾ, ಸ್ಟ್ಯಾಂಡ್ ಮಾಡ್ತಾರಾ?

ಅಮೆರಿಕದಲ್ಲಿ ಓಡುತ್ತಾರೆ, ಬ್ರಿಟನ್ನಿನಲ್ಲಿ ನಿಲ್ಲುತ್ತಾರೆ. ‘ರನ್ ಫಾರ್ ಪ್ರೆಸಿಡೆಂಟ್’, ಆದರೆ ‘ಸ್ಟ್ಯಾಂಡ್ ಫಾರ್ ಪಾರ್ಲಿಮೆಂಟ್’. ಕನ್ನಡವೂ ಬ್ರಿಟನ್ನಿನ ಕಡೆಗೇ, ನಾವೂ ಚುನಾವಣೆಗೆ ನಿಲ್ಲುತ್ತೇವೆ. ಈಗೀಗ ಬ್ರಿಟನ್ನಿನಲ್ಲೂ ರನ್ ಜಾಸ್ತಿ ಕೇಳಿಸುತ್ತದೆ.

ಇದೇ ಥರ ಕಾಲುಚೀಲದ ನೂಲು ಬಿಟ್ಟುಕೊಂಡು ಉದ್ದಕ್ಕೆ ಗೆರೆ ಬಿದ್ದರೆ ಅಮೆರಿಕದವರಿಗೆ ಅದು ‘ರನ್’, ಬ್ರಿಟನ್ನಿನವರಿಗೆ ‘ಲ್ಯಾಡರ್’, ಅಂದರೆ ಏಣಿ. ಕೆಂಪು ದೀಪ ಇದ್ದಾಗ ನುಗ್ಗಿದರೆ ಅಮೆರಿಕದಲ್ಲಿ ‘ರನ್ ಎ ರೆಡ್ ಲೈಟ್’. ನಾವು ಜಂಪ್ ಮಾಡುತ್ತೇವೆ.

11. ‘ರನ್ ಡ್ರೈ’, ‘ರನ್ ಲೇಟ್’, ‘ರನ್ ವೈಲ್ಡ್’ ಇವೆಲ್ಲ ಏನು?

ಇಲ್ಲಿ ರನ್ ಅಂದರೆ ಬರೀ ‘ಆಗು’. ರನ್ ಆದ ಮೇಲೆ ಗುಣ ಹೇಳುವ ಪದ ಬಂದರೆ ಓಟ, ಹರಿವು ಎಲ್ಲ ಮರೆತುಬಿಡಿ. ಬಾವಿ ‘ರನ್ ಡ್ರೈ’ ಆದರೆ ಬತ್ತಿತು. ‘ವಿ ಆರ್ ರನ್ನಿಂಗ್ ಲೇಟ್’ ನಮಗೆ ತಡವಾಗುತ್ತಿದೆ. ‘ರನ್ ಲೋ’ ಕಮ್ಮಿಯಾಗುತ್ತಾ ಬಂದಿದೆ. ಮಕ್ಕಳು ‘ರನ್ ವೈಲ್ಡ್’ ಅಂದರೆ ಹೇಳುವವರು ಕೇಳುವವರು ಇಲ್ಲದೆ ಕುಣಿಯುತ್ತಿದ್ದಾರೆ. ‘ಸ್ಟಿಲ್ ವಾಟರ್ಸ್ ರನ್ ಡೀಪ್’ ಎಂಬ ಗಾದೆಯನ್ನು ಕೆಲವರು ‘ನಿಂತ ನೀರು ಆಳಕ್ಕೆ ಓಡುತ್ತದೆ’ ಅಂತ ತಂದಿದ್ದು ನೋಡಿದ್ದೇನೆ. ನಿಂತದ್ದು ಓಡುವುದು ಹೇಗೆ ಸ್ವಾಮಿ? ಮೇಲೆ ಶಾಂತವಾಗಿರುವ ನೀರು ಒಳಗೆ ಆಳ ಅಂತ ಅದರ ಮಾತು. ನಮ್ಮಲ್ಲಿ ತುಂಬಿದ ಕೊಡ ತುಳುಕುವುದಿಲ್ಲ ಅನ್ನುವುದು ಅದಕ್ಕೆ ತೀರಾ ಹತ್ತಿರ.

ಜ್ವರದ ‘ರನ್ನಿಂಗ್ ಎ ಟೆಂಪರೇಚರ್’ ಸ್ವಲ್ಪ ಬೇರೆ ಕಟ್ಟು, ಅರ್ಥ ಮಾತ್ರ ಸರಳ: ಮೈ ಬಿಸಿಯಾಗಿದೆ, ಜ್ವರ ಬಂದಿದೆ.

12. ‘ರನ್ ಡೌನ್’ ಒಂದೊಂದು ಕಡೆ ಒಂದೊಂದು ಥರ ಇರುತ್ತಲ್ಲ?

ನಿಜ, ಕಲಿಯುವವರನ್ನು ಅತಿ ಹೆಚ್ಚು ಸತಾಯಿಸುವುದು ಇದೇ. ಸುಸ್ತಾಗಿ ಮೈಯಲ್ಲಿ ಶಕ್ತಿ ಇಲ್ಲದವರು ‘ರನ್ ಡೌನ್’. ಪಾಳು ಬೀಳುತ್ತಿರುವ ಕಟ್ಟಡವೂ ‘ರನ್ ಡೌನ್’. ಕೀಲಿ ಕೊಡದೆ ಬಿಟ್ಟ ಗಡಿಯಾರ, ಚಾರ್ಜ್ ಇಳಿದ ಬ್ಯಾಟರಿಯೂ ಹಾಗೇ, ಬಹುಶಃ ಮೊದಲ ಎರಡನ್ನೂ ಈ ಗಡಿಯಾರದ ಕಣ್ಣಿನಿಂದ ನೋಡಿದರೆ ಸುಲಭ. ಆದರೆ ಗಾಡಿಯವನು ಯಾರನ್ನಾದರೂ ‘ರನ್ ಡೌನ್’ ಮಾಡಿದರೆ ಗುದ್ದಿ ಕೆಡವಿದ. ಮಾತಿನಲ್ಲಿ ‘ರನ್ ಡೌನ್’ ಮಾಡಿದರೆ ಹೀಯಾಳಿಸಿದ. ಮೊನ್ನೆ ನಡೆದದ್ದರ ‘ರನ್‌ಡೌನ್’ ಕೊಡು ಅಂದರೆ ಚುಟುಕಾಗಿ ಎಲ್ಲ ಹೇಳು. ಇವುಗಳಿಗೆ ಯಾವ ಸೂತ್ರವೂ ಸಾಲದು, ವಾಕ್ಯದಲ್ಲಿ ಯಾರು, ಯಾವುದು ಅಂತ ನೋಡಿಯೇ ಹಿಡಿಯಬೇಕು.

‘ರನ್ ಇನ್‌ಟು’ ಅಷ್ಟು ಕಷ್ಟ ಇಲ್ಲ. ಗೋಡೆಗಾದರೆ ಡಿಕ್ಕಿ, ಗೆಳೆಯನಿಗಾದರೆ ಅಚಾನಕ್ ಭೇಟಿ, ತೊಂದರೆಗಾದರೆ ಸಿಕ್ಕಿಹಾಕಿಕೊಳ್ಳುವುದು, ಖರ್ಚಿಗಾದರೆ ‘ಲಕ್ಷಗಟ್ಟಲೆ ಆಗುತ್ತದೆ’. ಎಲ್ಲದರಲ್ಲೂ ಹೋಗಿ ತಗಲುವುದು ಒಂದಿದೆ. ಆದರೆ ‘ರನ್-ಇನ್’ ಅಂತ ನಾಮಪದ ಮಾಡಿದರೆ ಜಟಾಪಟಿ.

13. ‘ಬುಲ್ ರನ್’ ಅಂತ ಯುದ್ಧ ನಡೆದಿತ್ತಂತೆ, ಅದು ಷೇರು ಮಾರುಕಟ್ಟೆಯದ್ದಾ?

ಎರಡಕ್ಕೂ ಸಂಬಂಧ ಇಲ್ಲ, ಹೆಸರು ಮಾತ್ರ ಒಂದೇ. ಷೇರು ಮಾರುಕಟ್ಟೆಯ ಬುಲ್ ರನ್ ಅಂದರೆ ಬೆಲೆಗಳು ಬಹಳ ಕಾಲ ಏರುತ್ತಲೇ ಹೋಗುವುದು. ಯುದ್ಧದ ಬುಲ್ ರನ್ ಒಂದು ತೊರೆ. ಅಮೆರಿಕದ ಕೆಲವು ಕಡೆ ಸಣ್ಣ ತೊರೆಗೆ ‘ರನ್’ ಅನ್ನುತ್ತಾರೆ, ವರ್ಜೀನಿಯಾದ ಆ ತೊರೆಯ ಹತ್ತಿರ ಅಂತರ್ಯುದ್ಧದ ಎರಡು ಕದನಗಳು ನಡೆದವು, 1861ರಲ್ಲಿ ಒಂದು, 1862ರಲ್ಲಿ ಇನ್ನೊಂದು. ಮೂರನೇ ಪ್ರಶ್ನೆಯಲ್ಲಿ ಹೇಳಿದ ಹಳೆಯ ‘ಹರಿ’ ಇಲ್ಲಿ ಹೆಸರಾಗಿ ನಿಂತಿದೆ.

ನಾಮಪದದ ಉಳಿದ ರನ್‌ಗಳನ್ನು ಬೇಗ ಹೇಳಿಬಿಡುತ್ತೇನೆ. ಕೋಳಿ ಓಡಾಡಲು ಬೇಲಿ ಹಾಕಿದ ಜಾಗ ‘ಚಿಕನ್ ರನ್’, ಹಿಮದ ಮೇಲೆ ಜಾರುವ ಇಳಿಜಾರು ‘ಸ್ಕೀ ರನ್’, ಇಸ್ಪೀಟಿನಲ್ಲಿ ಒಂದಾದ ಮೇಲೊಂದು ಬರುವ ಎಲೆಗಳ ಸಾಲು ‘ರನ್’, ಸಂಗೀತದಲ್ಲಿ ಸರಸರನೆ ಹರಿಯುವ ಸ್ವರಗಳ ಗೊಂಚಲೂ ‘ರನ್’, ಒಂದು ಸಲಕ್ಕೆ ಮುದ್ರಿಸುವ ಪ್ರತಿಗಳ ಸಂಖ್ಯೆ ‘ಪ್ರಿಂಟ್ ರನ್’. ವಿಮಾನದ ‘ರನ್‌ವೇ’ ಎಲ್ಲರಿಗೂ ಗೊತ್ತು. ಹೊಸ ಕಂಪನಿಯವರು ‘ನಮಗೆ ಎಂಟು ತಿಂಗಳ ರನ್‌ವೇ ಇದೆ’ ಅಂದರೆ ಕೈಯಲ್ಲಿರುವ ದುಡ್ಡು ಎಂಟು ತಿಂಗಳಿಗೆ ಸಾಕು, ಅಷ್ಟರೊಳಗೆ ಮೇಲೆ ಹಾರಬೇಕು.

14. ಕಂಪ್ಯೂಟರ್‌ನಲ್ಲಿ ‘ರನ್’ಗೆ ಕನ್ನಡದಲ್ಲಿ ಏನನ್ನಬೇಕು?

‘ಚಲಾಯಿಸು’ ಅಂತ ಬರೆಯುತ್ತಾರೆ. ತಪ್ಪಿಲ್ಲ. ಆದರೆ ಮಾತನಾಡುವಾಗ ಎಲ್ಲರೂ ‘ರನ್ ಮಾಡು’ ಅನ್ನುತ್ತಾರೆ, ನಾನೂ ಅಷ್ಟೇ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿದರೆ ತೆರೆಯುವ ಪೆಟ್ಟಿಗೆಯ ಹೆಸರೇ ರನ್, ಆ ಆರ್ ಬಂದದ್ದೂ ಇದರಿಂದಲೇ. ‘ಡ್ರೈ ರನ್’ ಅಂದರೆ ನಿಜವಾಗಿ ಏನನ್ನೂ ಬದಲಿಸದೆ, ಮಾಡಿದರೆ ಏನಾಗುತ್ತದೆ ಅಂತ ನೋಡುವ ತಾಲೀಮು. ಫೈಲ್ ಅಳಿಸುವ ಮುಂಚೆ ಒಂದು ಡ್ರೈ ರನ್ ಮಾಡಿಕೊಳ್ಳದೆ ಪಶ್ಚಾತ್ತಾಪ ಪಟ್ಟವರಲ್ಲಿ ನಾನೂ ಒಬ್ಬ.

15. ‘ರನ್ ದ ಗಾಂಟ್ಲೆಟ್’, ‘ರನ್ ಅಮಾಕ್’, ‘ರನ್ ಆಫ್ ದ ಮಿಲ್’: ಇವುಗಳ ಕಥೆ ಏನು?

ಗಾಂಟ್ಲೆಟ್ ಅಂದರೆ ಕಬ್ಬಿಣದ ಕೈಗವಸು. ಕೈಗವಸನ್ನು ಯಾಕೆ ಓಡಬೇಕು ಅಂತ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಅದು ಕೈಗವಸೇ ಅಲ್ಲವಂತೆ. ಸ್ವೀಡಿಷ್ ಭಾಷೆಯಲ್ಲಿ ‘ಗಾಟ್‌ಲೊಪ್’ ಅಂದರೆ ಓಣಿಯ ಓಟ. ಅದು ಸೈನ್ಯದಲ್ಲಿ ಕೊಡುತ್ತಿದ್ದ ಶಿಕ್ಷೆ: ಎರಡು ಸಾಲಾಗಿ ನಿಂತ ಸೈನಿಕರ ನಡುವೆ ಓಡಬೇಕು, ಎರಡೂ ಕಡೆಯಿಂದ ಏಟು ಬೀಳುತ್ತದೆ. ಇಂಗ್ಲಿಷ್‌ನವರ ಕಿವಿಗೆ ಅದು ಗಾಂಟ್ಲೆಟ್ ಥರ ಕೇಳಿಸಿ ಹಾಗೇ ನಿಂತುಬಿಟ್ಟಿತು. ಈಗ ನಾಲ್ಕೂ ಕಡೆಯಿಂದ ಟೀಕೆ ತಿನ್ನುತ್ತಾ ಹೋಗುವುದಕ್ಕೆ ಹೇಳುತ್ತಾರೆ.

‘ಅಮಾಕ್’ ಮಲಯ ಭಾಷೆಯಿಂದ ಬಂದ ಪದ, ಹುಚ್ಚೆದ್ದು ಸಿಕ್ಕಸಿಕ್ಕವರ ಮೇಲೆ ಬೀಳುವುದು. ‘ರನ್ ಆಫ್ ದ ಮಿಲ್’ ಗಿರಣಿಯದ್ದು. ಆರಿಸದೆ, ದರ್ಜೆ ಮಾಡದೆ, ಗಿರಣಿಯಿಂದ ಹೇಗೆ ಬಂತೋ ಹಾಗೇ ಇರುವ ಮಾಲು, ಅದರಿಂದ ‘ವಿಶೇಷ ಏನಿಲ್ಲ, ಮಾಮೂಲಿ’ ಅಂತ ಅರ್ಥ. ‘ಕಟ್ ಅಂಡ್ ರನ್’ ಹಡಗಿನವರ ಮಾತು. ಲಂಗರು ಎತ್ತಲು ಪುರುಸೊತ್ತಿಲ್ಲದಾಗ ಹಗ್ಗವನ್ನೇ ಕತ್ತರಿಸಿ ಗಾಳಿ ಬೀಸಿದ ಕಡೆ ಹೊರಟುಬಿಡುವುದು.

16. ‘ಥ್ರೀ ಡೇಸ್ ರನ್ನಿಂಗ್’ ಅಂದರೆ ಮೂರು ದಿನ ಓಡಿದರಾ?

ಸತತ ಮೂರು ದಿನ. ನಡುವೆ ಬಿಡುವಿಲ್ಲದೆ. ಓಡಿದವರು ಯಾರೂ ಇಲ್ಲ.

17. ‘ಐ ಹ್ಯಾವ್ ರ‍್ಯಾನ್’ ಸರಿಯಾ?

ಸರಿಯಲ್ಲ. ರನ್, ರ‍್ಯಾನ್, ರನ್. ಮೂರನೆಯದು ಮತ್ತೆ ಮೊದಲಿನದೇ, ಕಮ್, ಕೇಮ್, ಕಮ್ ಇದ್ದ ಹಾಗೆ. ‘ಐ ರ‍್ಯಾನ್’ ಸರಿ, ‘ಐ ಹ್ಯಾವ್ ರನ್’ ಸರಿ. ಇಂಗ್ಲಿಷ್ ಮನೆಮಾತಾಗಿರುವವರೇ ಮಾತಿನ ಭರದಲ್ಲಿ ‘ಹ್ಯಾವ್ ರ‍್ಯಾನ್’ ಅಂದುಬಿಡುತ್ತಾರೆ. ಆದರೂ ಬರವಣಿಗೆಯಲ್ಲಿ ಅದು ತಪ್ಪೇ, ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ.

18. ಕನ್ನಡದಲ್ಲೂ ಇಂಥ ಪದ ಇದೆಯಾ, ಅಥವಾ ಇಂಗ್ಲಿಷ್‌ನವರದ್ದೇ ಈ ಗೊಂದಲವಾ?

ಇಲ್ಲದೆ ಏನು! ‘ಹೊಡೆ’ ತೆಗೆದುಕೊಳ್ಳಿ. ಗೋಡೆಗೆ ಬಣ್ಣ ಹೊಡೆಯುತ್ತೇವೆ, ಟೈರಿಗೆ ಗಾಳಿ ಹೊಡೆಯುತ್ತೇವೆ, ಗೆಳೆಯರ ಜೊತೆ ಹರಟೆ ಹೊಡೆಯುತ್ತೇವೆ, ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತೇವೆ, ಮಧ್ಯಾಹ್ನ ನಿದ್ದೆ ಹೊಡೆಯುತ್ತೇವೆ. ಬೋರ್ ಹೊಡೆಯುತ್ತದೆ, ವಾಸನೆ ಹೊಡೆಯುತ್ತದೆ, ಅದೃಷ್ಟ ಇದ್ದವರಿಗೆ ಲಾಟರಿ ಹೊಡೆಯುತ್ತದೆ. ಇಷ್ಟರಲ್ಲಿ ಯಾರಿಗೂ ಒಂದು ಏಟೂ ಬಿದ್ದಿಲ್ಲ. ಕನ್ನಡ ಕಲಿಯುತ್ತಿದ್ದ ಪರಿಚಯದವರೊಬ್ಬರು ‘ಹೊಡೆ ಅಂದ್ರೆ ಹಿಟ್ ತಾನೆ, ಮಲಗಿರೋ ನಿದ್ದೆಗೆ ಪಾಪ ಯಾಕೆ ಹೊಡೀತೀರಿ?’ ಅಂತ ನನ್ನನ್ನು ಕೇಳಿದ್ದರು. ಉತ್ತರ ಹೊಳೆಯಲಿಲ್ಲ. ಆ ಹೊತ್ತಿಗೆ ಟಿವಿಯಲ್ಲಿ ಕ್ರಿಕೆಟ್ ಬರುತ್ತಿತ್ತು, ಪಕ್ಕದಲ್ಲಿ ಕೂತವನು ‘ಇವನು ಇನ್ನು ಹತ್ತು ರನ್ ಹೊಡೆದರೆ ಸಾಕು’ ಅಂದ. ಅವರು ನನ್ನ ಮುಖ ನೋಡಿದರು, ನೋಟ್‌ಬುಕ್ ಮುಚ್ಚಿ ಒಳಗಿಟ್ಟರು.